ಕಂಚುಗಾರ ಬೈರಯ್ಯನು ಜೀಪಿನ ಮುಖ ತಿರುಗಿಸಿದ್ದು

ಮಾಗಡಿ ರಸ್ತೆಯು ಬ್ಯಾಡರಹಳ್ಳಿಯ ಕಡೆಯಿಂದ ಇಳಿದು ಬಂದು, ಹಳ್ಳವನ್ನು ದಾಟಿ, ಕಾಮಾಕ್ಷಿಪಾಳ್ಯದತ್ತ ಏರತೊಡಗುವ ಎಡೆಯಲ್ಲಿ, ಸಾವಿರದ ಒಂಬೈನೂರ ಐವತ್ತೈದನೆಯ ಇಸವಿಯ ಮಾಗಿಯ ದಿನಗಳಲ್ಲಿ ಪ್ರತಿ ಬೆಳಗ್ಗೆಯೂ ಒಂದು ವಿಚಿತ್ರವು ನಡೆಯುತ್ತಿತ್ತು. ಅವರೆಕಾಯಿಯ ಮೂಟೆಗಳನ್ನು ಹೇರಿಕೊಂಡ ಒಂದು ಜೀಪು ಹಳ್ಳದವರೆಗೆ ಉಳಿದ ವಾಹನಗಳಂತೆಯೇ ಬರುವುದು. ಹಳ್ಳ ದಾಟಿದೊಡನೆ ನಿಲ್ಲುವುದು. ಬಳಿಕ ರಸ್ತೆಯಲ್ಲಿಯೇ ಸುತ್ತು ಹಾಕಿ, ಬೆನ್ನನ್ನು ಬೆಂಗಳೂರಿಗೂ ಮುಖವನ್ನು ಹಳ್ಳಿಗೂ ಮಾಡಿಕೊಂಡು, ಹಿಂದು ಹಿಂದಕ್ಕೇ ಆ ಏರನ್ನೆಲ್ಲ ಹತ್ತುವುದು. ಏರಿನ ನೆತ್ತಿಯಲ್ಲಿ ಮತ್ತೊಮ್ಮೆ ಸುತ್ತು ಹಾಕಿ, ಏನೂ ನಡೆದೇ ಇಲ್ಲವೆಂಬಂತೆ ಮಾರುಕಟ್ಟೆಯ ದಾರಿ ಹಿಡಿಯುವುದು.

ಜೀಪಿನ ಒಡೆಯನು ಬ್ಯಾಡರಹಳ್ಳಿಯ ಮುನಿವೆಂಕಟಪ್ಪ. ಹೊಲ ತೋಟಗಳುಳ್ಳ ಗಟ್ಟಿ ಕುಳ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಜೀಪನ್ನು ಕೈಯಿಂದ ಕೈಗೆ ಬಂದಮೇಲೆ ಕೊಂಡು, ಅದಕ್ಕೆ ಹಸುರು ಬಣ್ಣ ಬಳಿಸಿ, ಹಣೆಗೆ ಕುಂಕುಮವಿಟ್ಟು ಸಾಕಿಕೊಂಡಿದ್ದನು. ಸಮನೆಲದಲ್ಲಿ ಅದು ಕುದುರೆಯಂತೆ ಓಡುವುದು. ಇಳುಕಲಿನಲ್ಲಿ ಹೇಳುವುದೇ ಬೇಡ. ಏರು ಕಂಡಿತೋ, ಎದೆ ಒಡೆದುಕೊಂಡು ನಿಲ್ಲುವುದು. ಹಿಂದುಮುಖವಾಗಿ ಹೋದರೆ ಮಾತ್ರ ಎಂಥ ಏರನ್ನೂ ಹತ್ತುವುದೆಂಬುದು ಅವನಿಗೆ ಒಂದು ದಿನ ಕೋಪದ ಭರದಲ್ಲಿ ತಿಳಿದುಬಂದಿತ್ತು. ಏಕೆ ಹಾಗೆಂಬುದು ಅವನಿಗೂ ತಿಳಿಯದು, ಅದನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ನಂಜುಂಡಪ್ಪನಿಗೂ ತಿಳಿಯದು.

ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ನಡೆದೇ ಮಾರುಕಟ್ಟೆಗೆ ಹೋಗುತ್ತಿದ್ದ ಹನುಮಕ್ಕನಿಗೆ ಇದೊಂದು ದಿನನಿತ್ಯದ ಹಬ್ಬ.

"ಏನ್ ಗೌಡ್ರೇ, ನಿಮ್ ಮದ್ಲಗಿತ್ತಿ ಇವತ್ತೂ ಬೆಂಗ್ಳೂರಿಗೆ ಬೆನ್ ತೋರುಸ್ಕೊಂಡೇ ಹೊಂಟವ್ಳಾ? ಅತ್ತೆ ಮನೆ ಅಂದ್ರೆ ಅಷ್ಟೊಂದ್ ನಾಚ್ಕೆನಾ?"

"ಸುಮ್ಕಿರು ಹನುಮಕ್ಕ. ಹೆಂಗೋ ಒಂದು ಹತ್ತುತ್ತಲ್ಲ. ನಿನ್ ಹಂಗೆ ತಲೆ ಮ್ಯಾಲೆ ಹೊರೆ ಹೊತ್ಕೊಂಡಂತೂ ಹೋಗ್ತಿಲ್ಲ."

"ಹೊರೆ ಹೊತ್ರೂ ನಾನು ಮುಂದ್ಕೆ ನೋಡ್ಕೊಂಡ್ ಹೋಗ್ತೀನಿ ಸಾಮಿ!"

ಈ ಸಂವಾದವನ್ನು ದಿನವೂ ಕೇಳುತ್ತಿದ್ದವನು, ಏರಿನ ನೆತ್ತಿಯ ಹೊಂಗೆಯ ಮರದಡಿ ಕುಲುಮೆ ಹೂಡಿಕೊಂಡಿದ್ದ ಬೈರಯ್ಯ. ಎಲ್ಲರೂ ನಗುವಾಗ ತಾನೂ ನಗುತ್ತಿದ್ದನು. ಆದರೆ ಅವನ ನಗೆಯಲ್ಲಿ ಈಚೆಗೆ ಸುಖವಿರಲಿಲ್ಲ.

ಬೈರಯ್ಯನು ಕಂಚುಗಾರರ ಕುಲದಲ್ಲಿ ಹುಟ್ಟಿದವನಲ್ಲ. ಕಾಮಾಕ್ಷಿಪಾಳ್ಯದ ಕೂಲಿಯ ಮನೆತನದವನು. ಚಿಕ್ಕಂದಿನಲ್ಲಿಯೇ ಪೇಟೆಯ ಮುದುಕ ಕಂಚುಗಾರರೊಬ್ಬರ ಅಂಗಡಿಗೆ ತಿದಿ ಒತ್ತಲು ಹೋದವನು, ಇಪ್ಪತ್ತೆರಡು ವರ್ಷ ಅಲ್ಲಿಯೇ ಬೆಂದು, ತಾಮ್ರದ ಹದವನ್ನು ಅಂಗೈಯಲ್ಲಿ ಅಳೆಯುವಷ್ಟು ಬಲ್ಲವನಾದನು. ಆ ಹಿರಿಯರಿಗೆ ಮಕ್ಕಳಿರಲಿಲ್ಲ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ದಿನ ಅವರು ತಮ್ಮ ಮರದ ಕೊಡತಿಯನ್ನೂ, ಗಿಂಡಿಯ ಮೂತಿಯನ್ನು ಅರಳಿಸುವ ಮೊನಚಾದ ಕಬ್ಬಿಣದ ಗೂಟವನ್ನೂ ಅವನ ಕೈಯಲ್ಲಿಟ್ಟು, "ಇವು ನಿನ್ನಲ್ಲಿದ್ದರೆ ನನ್ನಲ್ಲಿದ್ದಂತೆಯೇ" ಎಂದಿದ್ದರು. ವಸ್ತುಗಳೊಂದಿಗೆ ಒಂದು ವ್ರತವನ್ನೂ ಕೊಟ್ಟಿದ್ದರು. ಒಡಕು ಬೆಸೆದ ಪಾತ್ರೆಯನ್ನು ಒಡೆಯರಿಗೆ ಮರಳಿಸುವ ಮೊದಲು ಬೆಸೆದವನೇ ಅದರಲ್ಲಿ ನೀರು ತುಂಬಿ ಕುಡಿಯಬೇಕು. ತಾನು ನಂಬಿ ಬಳಸದ ಕೆಲಸವನ್ನು ಇನ್ನೊಬ್ಬರ ಮನೆಗೆ ಕಳುಹಿಸುವುದು ದೇವರೆದುರು ಸುಳ್ಳು ಹೇಳಿದಂತೆ. ಇದನ್ನು ಮೈಲಿಗೆಯೆಂದು ಮೂಗು ಮುರಿದ ಮನೆಗಳೂ ಇದ್ದವು. ಅಂಥವರ ಪಾತ್ರೆಯನ್ನು ಬೈರಯ್ಯನು ಕೈಮುಗಿದು, ಬೆಸೆಯದೆಯೇ ಮರಳಿಸುತ್ತಿದ್ದನು. ವ್ರತವನ್ನು ಮಾತ್ರ ಒಂದು ದಿನವೂ ಬಿಟ್ಟವನಲ್ಲ.

ಆದರೆ ವ್ರತವಿದ್ದರೇನು, ಪಾತ್ರೆಗಳು ಬರಬೇಕಲ್ಲ! ಅಲ್ಯೂಮಿನಿಯಂ ಬಂದಿತು. ಹಗುರ, ಅಗ್ಗ, ಕಲಾಯಿಯ ಗೊಡವೆಯಿಲ್ಲ. ಒಡೆದರೆ ಬಿಸಾಡಿ ಬೇರೆಯದನ್ನು ಕೊಂಡರಾಯಿತು. ತಾಮ್ರದ ಹಂಡೆಗಳು ಒಂದೊಂದಾಗಿ ಅಟ್ಟ ಸೇರಿದವು. ಆ ಮಾಗಿಯಲ್ಲಿ ಬೈರಯ್ಯನ ಕುಲುಮೆಯು ವಾರಕ್ಕೊಂದು ದಿನ ಹೊತ್ತಿಕೊಂಡರೆ ಅದೇ ಹೆಚ್ಚು. ಅವನ ಹೆಂಡತಿ ರಾಮಮ್ಮನ ಅಣ್ಣ ದೊಡ್ಡಹನುಮಯ್ಯನು ಬಟ್ಟೆಯ ಮಿಲ್ಲೊಂದರ ಗೇಟಿನಲ್ಲಿ ಕಾವಲುಗಾರ. ಅವನು ಮೇಲಿನವರನ್ನು ಹಿಡಿದು, ಭಾವನಿಗೂ ಅದೇ ಗೇಟಿನಲ್ಲಿ ಕೆಲಸ ಗೊತ್ತುಮಾಡಿ, ಒಂದು ಖಾಕಿ ಅಂಗಿಯನ್ನು ತಂದು ಮನೆಯ ಗೋಡೆಯ ಗೂಟಕ್ಕೆ ನೇತುಹಾಕಿ ಹೋಗಿದ್ದನು. ಬರುವ ಸೋಮವಾರ ಬೆಳಗ್ಗೆ ಸೇರತಕ್ಕದ್ದು. ಅಂಗಿಗೆ ಐದು ಹಿತ್ತಾಳೆಯ ಗುಂಡಿಗಳು. ಅವು ಕಂದಿರುವುದನ್ನು ನೋಡಲಾರದೆ ಬೈರಯ್ಯನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿಟ್ಟಿದ್ದನು. ಆದರೆ ಅಂಗಿಯನ್ನು ಒಮ್ಮೆಯೂ ತೊಟ್ಟು ನೋಡಿರಲಿಲ್ಲ.

ಶುಕ್ರವಾರ ಬೆಳಗ್ಗೆ ಜೀಪು ಹಿಂದುಮುಖವಾಗಿ ಏರುತ್ತಿದ್ದಾಗ ಮಾಗಡಿಗೆ ಹೋಗುವ ಬಸ್ಸೊಂದು ಎದುರಾಯಿತು. ಎದುರು ಎಂದರೆ ಜೀಪಿನ ಬೆನ್ನಿಗೆ. ಮುನಿವೆಂಕಟಪ್ಪನು ಗಾಬರಿಯಾಗಿ ಚಕ್ರವನ್ನು ಸರ್ರನೆ ತಿರುಗಿಸಿ, ಹೊಂಗೆಯ ಮರದ ಬಳಿ ಪಕ್ಕಕ್ಕೆ ನುಗ್ಗಿಸಿ ನಿಲ್ಲಿಸಿದನು. ಜೀಪಿನ ಮೂತಿಯಿಂದ ಹಬೆ ಏಳುತ್ತಿತ್ತು.

"ಬೈರಯ್ಯ, ಒಂದ್ ಕೊಡ ನೀರ್ ಕೊಡಪ್ಪ. ಇದ್ರ ಹೊಟ್ಟೆ ಉರೀತೈತೆ, ನಂದೂ ಉರೀತೈತೆ."

ಬೈರಯ್ಯನು ನೀರು ತಂದನು. ಮುನಿವೆಂಕಟಪ್ಪನು ಮುಂಭಾಗದ ತಗಡಿನ ಮುಚ್ಚಳವನ್ನು ಎತ್ತಿದನು. ಆವರೆಗೆ ಮೋಟಾರಿನ ಒಡಲನ್ನು ಕಂಡಿರದ ಬೈರಯ್ಯನು ಇಣುಕಿ ನೋಡಿದವನು, ಹೊಗೆಯಿಂದ ಕಪ್ಪಾದ ಒಂದು ಸಣ್ಣ ನಾಳವನ್ನು ಉಗುರಿನಿಂದ ಕೆರೆದನು. ಕಪ್ಪಿನ ಕೆಳಗೆ ಕೆಂಪು ಮಿನುಗಿತು. ಪರದೇಶದಲ್ಲಿ ತನ್ನೂರವನೊಬ್ಬನ ದನಿ ಕೇಳಿದವನಂತೆ ಅವನ ಮುಖ ಅರಳಿತು.

"ಗೌಡ್ರೇ, ಇದು ತಾಮ್ರ!"

"ಹೂಂ ಕಣಯ್ಯ, ಪೆಟ್ರೋಲ್ ಹೋಗೋ ಪೈಪು. ಮಿಲ್ಟ್ರಿಯೋರು ಹಾಕಿದ್ದು ಕಬ್ಣದ್ದಂತೆ. ತುಕ್ಕು ಹಿಡೀತು ಅಂತ ನಂಗೆ ಮಾರಿದೋನು ತಾಮ್ರದ್ದು ಹಾಕ್ಸಿದ್ದ."

"ಮತ್ತೆ ಇದೇನು, ಬೆಳ್ಳಗೆ ಮೆತ್ಕೊಂಡಿರೋದು?"

"ಸೋಪು. ಅಲ್ಲಿ ಒಂದೊಂದ್ ತೊಟ್ಟು ಸೋರ್ತಿತ್ತು. ನಂಜುಂಡಪ್ಪ ಬಟ್ಟೆ ಸೋಪು ಮೆತ್ತವ್ನೆ. ಪೆಟ್ರೋಲಿಗೆ ಸೋಪು ಕರಗಲ್ವಂತೆ."

ಬೈರಯ್ಯನು ಆ ಸೋಪಿನ ಮುದ್ದೆಯನ್ನು, ದೇವರ ವಿಗ್ರಹಕ್ಕೆ ಯಾರೋ ಕೆಸರು ಬಳಿದಿರುವುದನ್ನು ನೋಡುವವನಂತೆ ನೋಡಿದನು. "ತಾಮ್ರ ಸೋರಿದ್ರೆ ತಾಮ್ರದೋನ್ನ ಕರೀಬೇಕು ಗೌಡ್ರೇ. ಅಗಸರನ್ನ ಕರೀತಾರಾ? ನಾಳೆ ಸಂತೆ ಮುಗಿಸ್ಕೊಂಡು ವಾಪಸ್ ಬರೋವಾಗ ಇಲ್ಲಿ ನಿಲ್ಸಿ. ನಾನ್ ನೋಡ್ತೀನಿ."

ಸುದ್ದಿಯು ರಾಮಮ್ಮನ ಕಿವಿಗೆ ಬೀಳಲು ಎಷ್ಟು ಹೊತ್ತು! ಮಧ್ಯಾಹ್ನ ಮುದ್ದೆ ಬಡಿಸುತ್ತ ಅವಳು ಕೇಳಿದಳು: "ಸೋಮ್ವಾರ ಬೆಳಿಗ್ಗೆ ಗೇಟಲ್ಲಿ ನಿಂತಿರ್ಬೇಕು ಅಂತ ಅಣ್ಣ ಹೇಳವ್ನೆ. ಈಗ ಯಾತಕ್ಕೆ ಕಂಡೋರ ಜೀಪಿನ ಉಸಾಬರಿ?"

"ರಾಮಿ, ಈ ರಸ್ತೇಲಿ ದಿನಕ್ಕೆ ಎಷ್ಟು ಲಾರಿ, ಎಷ್ಟು ಬಸ್ಸು ಹೋಗ್ತಾವೆ ನೋಡಿದೀಯಾ? ಎಲ್ಲಾದ್ರ ಹೊಟ್ಟೇಲೂ ಇಂಥಾ ನಾಳ ಇರ್ತೈತೆ. ಹಂಡೆ ಅಟ್ಟ ಸೇರ್ತು ಅಂತ ಅಳ್ತಾ ಕೂತಿದ್ನಲ್ಲ, ತಾಮ್ರ ಎಲ್ಲೂ ಹೋಗಿಲ್ಲ ಕಣೇ. ಮೋಟಾರಿನೊಳಕ್ಕೆ ಸೇರ್ಕೊಂಡೈತೆ."

"ನಿಂಗೆ ಮೋಟಾರು ಗೊತ್ತಾ?"

"ಗೊತ್ತಿಲ್ಲ. ತಾಮ್ರ ಗೊತ್ತು." ಅವನು ತುತ್ತನ್ನು ಕೈಯಲ್ಲೇ ಹಿಡಿದು ನಿಧಾನವಾಗಿ ಹೇಳಿದನು: "ಆ ಜೀಪು ಮುಖ ಮುಂದ್ ಮಾಡ್ಕೊಂಡು ಈ ಏರು ಹತ್ತಿದ್ರೆ ನನ್ ಕುಲುಮೆ ಉಳೀತೈತೆ. ಹತ್ತಲಿಲ್ಲಾಂದ್ರೆ ಸೋಮ್ವಾರ ನಾನೇ ಆ ಅಂಗಿ ತೊಟ್ಕೊಂಡು ಹೊರಡ್ತೀನಿ. ಒಂದ್ ಮಾತೂ ಆಡಲ್ಲ."

ರಾಮಮ್ಮನು ಗೂಟದ ಅಂಗಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, ಇನ್ನೊಂದು ಸೌಟು ಸಾರು ಬಡಿಸಿದಳು.

ಶನಿವಾರ ಮಧ್ಯಾಹ್ನ ಜೀಪು ಬಂದು ಮರದಡಿ ನಿಂತಿತು. ಹಿಂದೆಯೇ ಟೋಲ್‌ಗೇಟಿನ ಕಡೆಯಿಂದ ಸೈಕಲ್ ತುಳಿಯುತ್ತ ನಂಜುಂಡಪ್ಪನೂ ಬಂದನು. ಯುದ್ಧಕಾಲದಲ್ಲಿ ಮಿಲಿಟರಿಯ ವರ್ಕ್‌ಶಾಪಿನಲ್ಲಿ ದುಡಿದು ಬಂದವನು. ಕೆಟ್ಟವನಲ್ಲ, ಆದರೆ ತನ್ನ ವಿದ್ಯೆಯ ಮೇಲೆ ಬಿಗುಮಾನವುಳ್ಳವನು. ಈ ಜೀಪಿನ ಪಂಪನ್ನು ಬದಲಿಸಿದ್ದನು, ಕಾರ್ಬುರೇಟರನ್ನು ನಾಲ್ಕು ಸಲ ಬಿಚ್ಚಿ ತೊಳೆದಿದ್ದನು. ಏನು ಮಾಡಿದರೂ ಅದು ಬೆನ್ನು ತಿರುಗಿಸುವುದನ್ನು ಬಿಟ್ಟಿರಲಿಲ್ಲ.

"ಏನ್ ಗೌಡ್ರೇ," ಎಂದನು ಅವನು ಸೈಕಲ್ಲಿನಿಂದ ಇಳಿಯದೆ, "ಚೊಂಬಿಗೆ ಕಲಾಯಿ ಹಾಕೋ ಕೈಗೆ ಜೀಪು ಕೊಟ್ರಂತೆ? ನಾಳೆ ನಂಗೆ ಜ್ವರ ಬಂದ್ರೆ ಕುಂಬಾರನ ಹತ್ರ ಹೋಗ್ಲಾ?"

"ಹೋಗಣ್ಣ," ಎಂದನು ಬೈರಯ್ಯ ತಲೆಯೆತ್ತದೆ. "ಮಡಕೆ ನೀರು ಜ್ವರಕ್ಕೆ ಒಳ್ಳೇದು."

ಸೋಪನ್ನು ಕೆರೆದು ತೆಗೆದು, ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ನಾಳವನ್ನು ಬಿಚ್ಚಿಸಿಕೊಂಡು ಅವನು ಅದರ ರಚನೆಯನ್ನು ನೋಡಿದನು. ನಾಳದ ತುದಿಯು ತುತ್ತೂರಿಯ ಬಾಯಿಯಂತೆ ಅರಳಿತ್ತು. ಅರಳಿದ ಬಾಯಿಯನ್ನು ಹಿತ್ತಾಳೆಯ ನಟ್ಟೊಂದು ಹಿಂದಿನಿಂದ ಒತ್ತಿ, ಎದುರಿನ ಮೂತಿಗೆ ಕಚ್ಚಿಸಿ ಹಿಡಿಯುತ್ತಿತ್ತು. ಬೆಸುಗೆಯಿಲ್ಲ, ಅಂಟಿಲ್ಲ, ಲೋಹಕ್ಕೆ ಲೋಹವೇ ಮುತ್ತಿಟ್ಟು ನಿಲ್ಲಬೇಕು. ಗಿಂಡಿಯ ಮೂತಿಯನ್ನು ಸಾವಿರ ಸಲ ಅರಳಿಸಿದ ಕೈಗೆ ಇದು ಹೊಸತಲ್ಲ. ಒಂದು ಕಡೆ ಜಜ್ಜಿಹೋಗಿದ್ದ ಆ ಬಾಯಿಯನ್ನು ಗುರುವಿನ ಗೂಟದ ಮೇಲೆ ಕೂರಿಸಿ, ಕೊಡತಿಯಿಂದ ಮೃದುವಾಗಿ ತಟ್ಟಿ ತಟ್ಟಿ ಸಮಮಾಡಿಕೊಟ್ಟನು. ನಂಜುಂಡಪ್ಪನು ಗೊಣಗುತ್ತಲೇ ಜೋಡಿಸಿದನು. ಎಂಜಿನ್ ಶುರುವಾಯಿತು. ಎಲ್ಲರೂ ಬಗ್ಗಿ ನೋಡಿದರು. ಒಂದು ತೊಟ್ಟೂ ಸೋರಲಿಲ್ಲ.

"ಆಯ್ತು ಬಿಡು, ಗೆದ್ದೆ," ಎಂದು ಮುನಿವೆಂಕಟಪ್ಪನು ಹೊರಡಲನುವಾದಾಗ ಬೈರಯ್ಯನು ಕೈ ಅಡ್ಡ ಹಿಡಿದನು. "ತಡೀರಿ ಗೌಡ್ರೇ. ನಾನ್ ಬೆಸೆದಿದ್ರಲ್ಲಿ ಮೊದ್ಲು ನಾನು ನೀರು ಕುಡೀಬೇಕು. ಅದು ನನ್ ಗುರುಗಳು ಕೊಟ್ಟ ವ್ರತ."

"ಇದ್ರಲ್ಲಿ ಏನ್ ಕುಡೀತೀಯಾ, ಪೆಟ್ರೋಲಾ?" ಎಂದು ನಂಜುಂಡಪ್ಪನು ನಕ್ಕನು.

"ಕೂತ್ಕೋತೀನಿ. ಹಳ್ಳಕ್ಕೆ ಇಳಿದು, ಮುಂದ್ಕೆ ಮುಖ ಮಾಡ್ಕೊಂಡು ಇಲ್ಲೀಗಂಟ ಹತ್ತಲಿ. ಆಮೇಲೆ ನಿಮ್ದು."

ಜನ್ಮದಲ್ಲಿ ಮೊದಲ ಬಾರಿಗೆ ಬೈರಯ್ಯನು ಮೋಟಾರು ಏರಿ ಕುಳಿತನು. ಜೀಪು ಹಳ್ಳಕ್ಕೆ ಇಳಿಯಿತು, ತಿರುಗಿತು, ಮುಖವೆತ್ತಿ ಏರತೊಡಗಿತು. ಕಾಲು ಭಾಗ ಹತ್ತಿತು, ಅರ್ಧ ಹತ್ತಿತು, ಮೇಲೆ ಮರದಡಿ ರಾಮಮ್ಮನು ಸೆರಗನ್ನು ಹಿಡಿದುಕೊಂಡು ನಿಂತಿರುವುದು ಕಾಣಿಸಿತು. ಅಲ್ಲಿಗೆ ಎಂಜಿನ್ ಒಮ್ಮೆ ಕೆಮ್ಮಿತು, ಬಿಕ್ಕಿತು, ನಿಂತುಹೋಯಿತು.

ಅವರೆಕಾಯಿ ಇಳಿಸಿ ಬರುತ್ತಿದ್ದ ಗಾಡಿಯೊಂದರ ಎತ್ತುಗಳನ್ನು ಬಿಚ್ಚಿ ಜೀಪಿಗೆ ಕಟ್ಟಿದರು. ವ್ರತವೆಂದರೆ ವ್ರತ, ಇಳಿಯುವಂತಿರಲಿಲ್ಲ. ಎತ್ತುಗಳು ಎಳೆಯುವ ಮೋಟಾರಿನಲ್ಲಿ ಮದುಮಗನಂತೆ ಕುಳಿತು ಬೈರಯ್ಯನು ತನ್ನ ಕುಲುಮೆಯೆದುರು ಬಂದಿಳಿದನು. ಖಾಲಿ ಬುಟ್ಟಿ ಹಿಡಿದು ಬರುತ್ತಿದ್ದ ಹನುಮಕ್ಕನು ಕೆನ್ನೆಗೆ ಕೈಯಿಟ್ಟುಕೊಂಡು, "ಅಯ್ಯೋ, ಮೆರವಣಿಗೆ! ಓಲಗ ಒಂದ್ ಕಮ್ಮಿ ಕಣ್ರಪ್ಪ" ಎಂದಳು. ನಂಜುಂಡಪ್ಪನು ಸೈಕಲ್ ಹತ್ತುತ್ತ, "ಸೋಮ್ವಾರ ಮಿಲ್ ಗೇಟಲ್ಲಿ ಸಿಗೋಣ ಬೈರಯ್ಯ. ಅಲ್ಲಿ ಗೇಟು ತೆಗೆದು ಹಾಕೋದಷ್ಟೇ, ಸೋರಲ್ಲ" ಎಂದು ಹೇಳಿಹೋದನು. ಆ ಮಾತು ತಾಮ್ರಕ್ಕೆ ಬಿದ್ದ ಆಮ್ಲದಂತೆ ಸುಟ್ಟಿತು. ಮುನಿವೆಂಕಟಪ್ಪನು ಜೀಪನ್ನು ಮರದಡಿಯಲ್ಲೇ ಬಿಟ್ಟು, ಎತ್ತಿನ ಗಾಡಿಯಲ್ಲಿ ಊರಿಗೆ ಹೋದನು.

ಭಾನುವಾರ ಬೆಳಗಾಯಿತು. ಬೈರಯ್ಯನು ಮಿಂದು, ಹಣೆಗೆ ವಿಭೂತಿಯಿಟ್ಟು, ಕುಲುಮೆಯೆದುರು ಕುಳಿತನು. ಬೆಂಕಿ ಹೊತ್ತಿಸಲಿಲ್ಲ. ಎದುರಿಗೆ ಗಿಂಡಿಯೊಂದಿತ್ತು. ಅದನ್ನು ಸುಮ್ಮನೆ ಎತ್ತಿ ಬಾಗಿಸಿದನು. ನೀರು ಮೂತಿಯಿಂದ ತಾನಾಗಿ ಸುರಿಯಿತು. ನೆಟ್ಟಗೆ ಹಿಡಿದನು, ನಿಂತಿತು. ಮತ್ತೆ ಬಾಗಿಸಿದನು, ಸುರಿಯಿತು. ಕೈ ಅಲ್ಲಿಯೇ ನಿಂತಿತು. ಎದ್ದು ಹೋಗಿ ಜೀಪನ್ನು ಒಂದು ಸುತ್ತು ಬಂದು, ಚಾಲಕನ ಆಸನವನ್ನು ಎತ್ತಿ ನೋಡಿದನು. ಅಷ್ಟರಲ್ಲಿ ಮುನಿವೆಂಕಟಪ್ಪನು ಬಂದನು. ತನ್ನ ಸೋಪಿನ ಮಾನ ಉಳಿಯಿತೆಂಬ ನೆಮ್ಮದಿಯಲ್ಲಿ ನಂಜುಂಡಪ್ಪನೂ ಬಂದನು.

"ಗೌಡ್ರೇ, ಪೆಟ್ರೋಲ್ ಇರೋದು ನಿಮ್ ಕುಂಡಿ ಕೆಳಗೆ, ಅಲ್ವಾ?"

"ಹೂಂ, ಸೀಟಿನ್ ಕೆಳಗೇ ಟ್ಯಾಂಕು."

"ಅದನ್ನ ಎಳ್ಕೊಳ್ಳೋ ಪಂಪು ಇರೋದು ಮುಂದೆ, ಮೂತೀಲಿ."

"ಅದಕ್ಕೇನೀಗ?" ಎಂದನು ನಂಜುಂಡಪ್ಪ.

"ಜೀಪು ಬೆನ್ ಹಾಕ್ಕೊಂಡು ಹತ್ತೋವಾಗ ಟ್ಯಾಂಕು ಮೇಲೆ, ಪಂಪು ಕೆಳಗೆ. ಬಾಗ್ಸಿದ ಗಿಂಡಿ ಹಂಗೆ ಪೆಟ್ರೋಲು ತಾನೇ ಇಳಿದು ಬತ್ತೈತೆ. ಮುಖ ಹಾಕ್ಕೊಂಡು ಹತ್ತೋವಾಗ ಪಂಪು ಮೇಲೆ. ಕೆಳಗಿಂದ ಹೀರಿ ಎಳೀಬೇಕು. ಅಲ್ಲೇ ಉಸಿರು ಕಟ್ಟತೈತೆ. ಹೀರೋ ನಾಳದಲ್ಲಿ ಎಲ್ಲೋ ತೂತೈತೆ ನಂಜುಂಡಣ್ಣ. ಪೆಟ್ರೋಲಿನ ಬದ್ಲು ಗಾಳಿ ಹೀರ್ತೈತೆ."

"ಆ ಪೈಪು ಒಣಗ್ ಬಿದ್ದೈತೆ ಕಣಯ್ಯ! ನೂರ್ ಸಲ ಮುಟ್ಟಿ ನೋಡಿದೀನಿ. ತೂತಿದ್ರೆ ಸೋರ್ಬೇಕಲ್ಲ?"

"ಈಚೆಗೆ ತಳ್ಳೋ ನಾಳದ ತೂತು ಸೋರ್ತೈತೆ. ಒಳಕ್ಕೆ ಹೀರೋ ನಾಳದ ಕೂದಲೆಳೆಯಂಥಾ ತೂತು ಯಾಕೆ ಸೋರ್ತೈತೆ? ಅದು ಗಾಳಿ ಕುಡೀತೈತೆ. ನಾವೆಲ್ಲಾ ಒದ್ದೆ ಇರೋ ಕಡೆ ಹುಡುಕಿದ್ವಿ. ಕಳ್ಳ ಒಣಗಿರೋ ಕಡೆ ಕೂತವ್ನೆ."

ನಂಜುಂಡಪ್ಪನು ಮಿಲಿಟರಿಯಲ್ಲಿ ಕಲಿತ ಬುದ್ಧಿವಂತನಾದ್ದರಿಂದ, ಬೈರಯ್ಯನು ಹೇಳಿದ್ದು ಎಷ್ಟು ನಿಜವೆಂಬುದು ಅವನಿಗೆ ಇತರರಿಗಿಂತ ಬೇಗ ಹೊಳೆಯಿತು. ಅವನು ಸ್ಪ್ಯಾನರ್ ತೆಗೆದುಕೊಂಡು ಜೀಪಿನಡಿಗೆ ಮಲಗಿದನು.

ಟ್ಯಾಂಕಿನಿಂದ ಪಂಪಿನವರೆಗಿನ ನಾಳವು ಹೊರಬಂದಿತು. ಬೈರಯ್ಯನು ಅದನ್ನು ನೀರಿನಿಂದ ತೊಳೆದು, ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಇನ್ನೊಂದು ತುದಿಯನ್ನು ಬಾಯಿಗಿಟ್ಟು ಗಾಳಿಯನ್ನು ಹೀರಿ, ನಾಲಿಗೆಯ ತುದಿಯಿಂದ ಮುಚ್ಚಿದನು. ನಾಳವು ಸರಿಯಿದ್ದರೆ ಒಳಗೆ ಬರಿದಾಗಿ ನಾಲಿಗೆಯನ್ನು ಜಿಗಣೆಯಂತೆ ಕಚ್ಚಿಕೊಳ್ಳಬೇಕು. ಕಚ್ಚಲಿಲ್ಲ; ಜಾರಿತು. ಪೆಟ್ರೋಲಿನ ರುಚಿಗೆ ಮುಖ ಕಿವುಚಿಕೊಂಡು ಉಗುಳಿ, ನಾಳವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಊದಿದನು. ಪಂಪಿನ ಕಡೆಯ ನಟ್ಟಿನ ಮರೆಯಿಂದ, ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಎದ್ದವು.

"ಸಿಕ್ದ!" ಎಂದು ಮೊದಲು ಕೂಗಿದವನು ನಂಜುಂಡಪ್ಪನೇ.

ನಟ್ಟನ್ನು ಹಿಂದಕ್ಕೆ ಸರಿಸಿ ನೋಡಲು, ಅರಳಿದ ಬಾಯಿಯ ಬುಡದಲ್ಲಿ ಕೂದಲಿಗಿಂತ ಸಣ್ಣದಾದ ಒಂದು ಬಿರುಕು. ಯಾವನೋ ತಣ್ಣನೆಯ ತಾಮ್ರವನ್ನು ಹದಮಾಡದೆ ಬಡಿದು ಅರಳಿಸಿದ್ದನು. ತಾಮ್ರದ ಸ್ವಭಾವ ವಿಚಿತ್ರ. ಬಡಿದಷ್ಟೂ ಮುನಿದು ಗಡುಸಾಗುವುದು, ಕಡೆಗೆ ಬಿರಿಯುವುದು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ, ಉಕ್ಕು ಕಲ್ಲಾಗುವಲ್ಲಿ ಅದು ಬೆಣ್ಣೆಯಾಗುವುದು. ಈ ಗುಟ್ಟು ಮೋಟಾರಿನವರಿಗೆ ತಿಳಿದಿರಲಿಲ್ಲ. ಬೈರಯ್ಯನಿಗೆ ಹನ್ನೆರಡನೆಯ ವಯಸ್ಸಿನಿಂದ ತಿಳಿದಿತ್ತು.

ಜೀಪನ್ನು ಐವತ್ತು ಹೆಜ್ಜೆ ದೂರಕ್ಕೆ ತಳ್ಳಿಸಿ, ನಾಳವನ್ನು ಮತ್ತೆ ಮತ್ತೆ ತೊಳೆದು, ಊದಿ, ಬಿಸಿಲಿಗೆ ಒಣಗಿಸಿದ ಮೇಲೆಯೇ ಅವನು ಬೆಂಕಿ ಹೊತ್ತಿಸಿದನು. ರಾಮಮ್ಮನು ಕರೆಯದೆಯೇ ಬಂದು ತಿದಿಯ ಹಿಡಿಯನ್ನು ಹಿಡಿದಳು. ಬಿರುಕಿನ ತುದಿಯನ್ನು ಕತ್ತರಿಸಿ, ನಟ್ಟನ್ನು ಕಳಚಿ ಪಕ್ಕಕ್ಕಿಟ್ಟು, ಕೆಂಡದಲ್ಲಿ ಕೆಂಪಗೆ ಕಾಯಿಸಿ, ಚುಂಯ್ಯೆಂದು ನೀರಿಗದ್ದಿ, ಗೂಟಕ್ಕೆ ಕೂರಿಸಿ, ಉಸಿರನ್ನು ಬಿಗಿಹಿಡಿದು ತಟ್ಟತೊಡಗಿದನು. ತಾಮ್ರವು ಕಮಲದ ಎಸಳಿನಂತೆ ಅಂಚು ಬಿಚ್ಚಿತು. ಒಂದು ಸುಕ್ಕಿಲ್ಲ, ಒಂದು ಗೆರೆಯಿಲ್ಲ. ಇಂಥ ಬಾಯಿಯನ್ನು ಗುರುಗಳು ಕಂಡಿದ್ದರೆ ಬೆನ್ನು ಚಪ್ಪರಿಸುತ್ತಿದ್ದರು. ಬೈರಯ್ಯನು ಅದನ್ನೆತ್ತಿ ಎಲ್ಲರಿಗೂ ತೋರಿಸಿದನು.

"ಬಲು ಚೆನ್ನಾಗೈತೆ," ಎಂದಳು ರಾಮಮ್ಮ. "ಅಲ್ಲಾ, ಇದೇನಿದು ಕಲ್ಲಿನ್ ಮೇಲೆ?"

ಕಲ್ಲಿನ ಮೇಲೆ ಹಿತ್ತಾಳೆಯ ನಟ್ಟು ಪ್ರಶಾಂತವಾಗಿ ಕುಳಿತಿತ್ತು.

ನಾಳದ ಎರಡು ತುದಿಗಳೂ ಈಗ ಅರಳಿದ್ದವು. ನಟ್ಟನ್ನು ಯಾವ ಕಡೆಯಿಂದಲೂ ಏರಿಸುವಂತಿರಲಿಲ್ಲ. ಗಿಂಡಿಗೆ ನಟ್ಟಿರುವುದಿಲ್ಲ; ಮೂವತ್ತು ವರ್ಷ ಗಿಂಡಿಯ ಮೂತಿಗಳನ್ನು ಅರಳಿಸಿದ ಕೈಯು, ಅರಳಿಸುವ ಮುನ್ನ ನಟ್ಟನ್ನು ಪೋಣಿಸಬೇಕೆಂಬುದನ್ನು ಮರೆತೇಬಿಟ್ಟಿತ್ತು. ಬೈರಯ್ಯನ ಮುಖ ಬೂದಿಯಾಯಿತು. ನಂಜುಂಡಪ್ಪನಾದರೋ ನೆಲದ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕನು. ಆದರೆ ಈ ನಗೆ ನಿನ್ನೆಯದಲ್ಲ.

"ಬಾರಪ್ಪ, ಬಾ! ಈಗ ನೀನು ನಮ್ ಜಾತಿಗೆ ಸೇರ್ದೆ. ನಟ್ ಮರೀದೇ ಇರೋ ಮೆಕ್ಯಾನಿಕ್ಕು ಇನ್ನೂ ಹುಟ್ಟಿಲ್ಲ ಕಣೋ. ವರ್ಕ್‌ಶಾಪಲ್ಲಿ ನಾನು ಒಂದೇ ದಿನ ಮೂರು ಸಲ ಮರ್ತು, ಸಾರ್ಜೆಂಟ್ ಹತ್ರ ಬೈಸ್ಕೊಂಡಿದೀನಿ."

"ಇನ್ನೊಂದ್ಸಲ ಕತ್ತರಿಸಿದ್ರೆ ಪೈಪು ಗಿಡ್ಡ ಆಗಲ್ವಾ?" ಎಂದು ಮುನಿವೆಂಕಟಪ್ಪನು ಕೇಳಿದನು. ಗಿಡ್ಡವಾಗುವುದು ನಿಜವಾಗಿತ್ತು. ಒಂದು ಬೆರಳಿನಷ್ಟು ಕಡಿಮೆಯಾದರೂ ನಾಳವು ಪಂಪನ್ನು ಮುಟ್ಟಲಾರದು. ಹೊಸ ನಾಳ ತರೋಣವೆಂದರೆ ಭಾನುವಾರ, ಅಂಗಡಿಗಳು ಮುಚ್ಚಿದ್ದವು. ಸೋಮವಾರ ಬೆಳಗಾದರೆ ಗೂಟದ ಅಂಗಿ ಕಾದಿತ್ತು.

ಬೈರಯ್ಯನು ನಾಳವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ, ಬೆರಳುಗಳನ್ನು ಅದರ ಉದ್ದಕ್ಕೂ ಓಡಿಸಿದನು. ನಡುವೆ ಒಂದೆಡೆ ಅದು ಹಾವಿನಂತೆ ಸೊಟ್ಟವಾಗಿ ಬಾಗಿತ್ತು. ಹಾಕಿದವನು ಅಳತೆ ತಪ್ಪಿ, ಹೆಚ್ಚಾದುದನ್ನು ಮಡಿಸಿ ಮುಚ್ಚಿಟ್ಟ ಬಾಗು. ಅವನ ತುಟಿಯಂಚಿನಲ್ಲಿ ನಗೆ ಮೂಡಿತು. ಆ ಮೂರ್ಖನ ತಪ್ಪನ್ನು ದೇವರು ತನಗಾಗಿಯೇ ಕಾದಿಟ್ಟಿದ್ದನು. ಬಾಗನ್ನು ಕೆಂಡದಲ್ಲಿ ಕಾಯಿಸಿ ಮೆತ್ತಗೆ ಮಾಡಿ, ಸೀಳದಂತೆ, ಚಪ್ಪಟೆಯಾಗದಂತೆ, ಹೆಣೆದ ಜಡೆಯನ್ನು ಬಿಡಿಸುವಷ್ಟು ಮೆಲ್ಲಗೆ ನೇರಮಾಡಿದನು. ಎರಡು ಬೆರಳು ಉದ್ದ ಸಿಕ್ಕಿತು. ನಟ್ಟು ಹೋಗದ ಆ ಬಾಯಿಯನ್ನು ಕತ್ತರಿಸಿಹಾಕಿದನು.

"ನಟ್ಟು!" ಎಂದು ರಾಮಮ್ಮನು ತಿದಿಯ ಬಳಿಯಿಂದ ಕೂಗಿದಳು.

"ನಟ್ಟು!" ಎಂದು ನಂಜುಂಡಪ್ಪನು ತಾನೇ ಅದನ್ನೆತ್ತಿ ನಾಳಕ್ಕೆ ಪೋಣಿಸಿದನು.

ಎರಡನೆಯ ಬಾಯಿ ಮೊದಲನೆಯದಕ್ಕಿಂತ ಚೆಲುವಾಗಿ ಅರಳಿತು. ಬೈರಯ್ಯನು ಒಂದು ತುದಿಯನ್ನು ಮುಚ್ಚಿ, ಇನ್ನೊಂದನ್ನು ಹೀರಿ, ನಾಲಿಗೆಯಿಟ್ಟು, ಮುಚ್ಚಿದ ತುದಿಯ ಬೆರಳೊಂದನ್ನುಳಿದು ಕೈಗಳನ್ನು ಬಿಟ್ಟನು. ನಾಳವು ಅವನ ನಾಲಿಗೆಯನ್ನು ಬಿಗಿಯಾಗಿ ಕಚ್ಚಿಕೊಂಡು ನಿಂತಿತು. ಹತ್ತು ಎಣಿಸಿದರು, ಇಪ್ಪತ್ತು ಎಣಿಸಿದರು, ಬಿಡಲಿಲ್ಲ. ಮಾತಾಡಲಾಗದೆ ಅವನು ಬರಿಯ ಕಣ್ಣಿನಿಂದಲೇ ನಗುತ್ತಿದ್ದನು.

ಹೊತ್ತು ಇಳಿಯುವ ವೇಳೆಗೆ ಜೀಪು ಹಳ್ಳದ ಬಳಿ ಮುಖವೆತ್ತಿ ನಿಂತಿತು. ಏರಿನ ಎರಡು ಬದಿಗೂ ಜನ. ನಿನ್ನೆಯ ಮೆರವಣಿಗೆಯ ಸುದ್ದಿ ಸುತ್ತಲೂ ಹಬ್ಬಿತ್ತು. ಎತ್ತಿನ ಗಾಡಿಯವನೊಬ್ಬನು, ಬೇಕಾದೀತೆಂದು, ಎತ್ತುಗಳನ್ನು ಬಿಚ್ಚಿಕೊಂಡೇ ಕಾದಿದ್ದನು. ಹಿಂದಿನ ಸೀಟಿನಲ್ಲಿ ನಂಜುಂಡಪ್ಪ, ಮುಂದೆ ಒಡೆಯನ ಪಕ್ಕದಲ್ಲಿ ಬೈರಯ್ಯ. ಅವನು ಎರಡು ಕೈಗಳಿಂದಲೂ ಎದುರಿನ ಕಂಬಿಯನ್ನು ಹಿಡಿದು, ಗುರುವನ್ನು ನೆನೆದನು.

ಜೀಪು ಹೊರಟಿತು. ಕಾಲು ಭಾಗ. ಅರ್ಧ. ನಿನ್ನೆ ನಿಂತ ಜಾಗ ಬಂದಿತು. ಅಲ್ಲಿ ಮಣ್ಣಿನ ಮೇಲೆ ಎತ್ತಿನ ಗೊರಸಿನ ಗುರುತುಗಳು ಇನ್ನೂ ಇದ್ದವು. ಮುನಿವೆಂಕಟಪ್ಪನು ಪೆಡಲಿನ ಮೇಲಿನ ಕಾಲನ್ನು ಸಡಿಲಿಸಿದನು. "ಒತ್ತಿ ಗೌಡ್ರೇ, ಹೆದರ್ಬೇಡಿ, ಹೀರ್ತೈತೆ!" ಎಂದು ಬೈರಯ್ಯನು ಕೂಗಿದನು. ಒಡೆಯನು ಒತ್ತಿದನು. ಎಂಜಿನ್ ಕೆಮ್ಮಲಿಲ್ಲ, ಬಿಕ್ಕಲಿಲ್ಲ. ಗಂಟಲು ಕಟ್ಟಿದ್ದ ಗಾಯಕನಿಗೆ ಸ್ವರ ಬಿಟ್ಟಂತೆ ಒಂದೇ ಸಮನೆ ಮೊರೆಯಿತು. ಗೊರಸಿನ ಗುರುತು ಹಿಂದಾಯಿತು. ಹೊಂಗೆಯ ಮರ ಎದುರಾಯಿತು, ಪಕ್ಕಕ್ಕೆ ಬಂದಿತು, ಹಿಂದೆ ಸರಿಯಿತು. ಸಂತೋಷದ ಭರದಲ್ಲಿ ಯಾರಿಗೂ ನಿಲ್ಲಿಸುವ ನೆನಪೇ ಆಗಲಿಲ್ಲ. ಜೀಪು ಟೋಲ್‌ಗೇಟಿನವರೆಗೂ ಓಡಿ, ಅಲ್ಲಿ ಸುತ್ತು ಹಾಕಿ, ಹಾರನ್ ಬಾರಿಸುತ್ತ ಮರಳಿ ಮರದಡಿ ಬಂದು ನಿಂತಿತು.

"ಅಂತೂ ಮದ್ಲಗಿತ್ತಿ ಮುಸುಕು ತೆಗುದ್ಲು!" ಎಂದು ಹನುಮಕ್ಕನು ಚಪ್ಪಾಳೆ ತಟ್ಟಿದಳು. "ಗೌಡ್ರೇ, ನಾಳೆಯಿಂದ ನಾನು ಯಾರನ್ನ ನೋಡಿ ನಗ್ಲಿ?"

ಇಳಿಯಹೋದ ಮುನಿವೆಂಕಟಪ್ಪನನ್ನು ಬೈರಯ್ಯನು ತಡೆದನು. "ರಾಮಿ, ನೀರ್ ತತ್ತಾ." ರಾಮಮ್ಮನು ತಾಮ್ರದ ಚೊಂಬಿನಲ್ಲಿ ನೀರು ತಂದಳು. ಅವನು ಜೀಪಿನಲ್ಲಿ ಕುಳಿತೇ, ಒಂದು ಗುಟುಕೂ ಉಳಿಸದೆ ಕುಡಿದು, ಚೊಂಬನ್ನು ಕಣ್ಣಿಗೊತ್ತಿಕೊಂಡು ಕೆಳಗಿಳಿದನು.

"ಈಗ ತಗೊಂಡ್ ಹೋಗಿ ಗೌಡ್ರೇ. ಇದು ನಿಮ್ದು."

ಸೋಮವಾರ ಬೆಳಗ್ಗೆ ದೊಡ್ಡಹನುಮಯ್ಯನು ಭಾವನನ್ನು ಕರೆದೊಯ್ಯಲು ಬಂದಾಗ, ಹೊಂಗೆಯ ಮರದಡಿ ಹೊಗೆ ಏಳುತ್ತಿತ್ತು. ನಂಜುಂಡಪ್ಪನ ಸೈಕಲ್ ಮರಕ್ಕೆ ಒರಗಿತ್ತು. ಲಾರಿಯೊಂದರಿಂದ ಬಿಚ್ಚಿದ ಎರಡು ತಾಮ್ರದ ನಾಳಗಳನ್ನು ತಂದು ಅವನು ಕಲ್ಲಿನ ಮೇಲಿಟ್ಟು, "ಹದ ಮಾಡಿಕೊಡು ಗುರೂ, ಡ್ರೈವರ್ ಕಾಯ್ತವ್ನೆ" ಎನ್ನುತ್ತಿದ್ದನು. ಆ ಹೊತ್ತಿಗೆ ಸರಿಯಾಗಿ ಏರಿನ ಕೆಳಗಿನಿಂದ ಹಾರನ್ ಕೇಳಿಸಿತು. ಅವರೆಕಾಯಿ ತುಂಬಿದ ಹಸುರು ಜೀಪು ಕುಂಕುಮದ ಹಣೆಯನ್ನು ಬೆಂಗಳೂರಿಗೆ ತೋರುತ್ತ ಏರಿ ಬಂದು, ಅವರನ್ನು ದಾಟಿ ಹೋಯಿತು.

ದೊಡ್ಡಹನುಮಯ್ಯನು ಬಹಳ ಹೊತ್ತು ಅದನ್ನೇ ನೋಡಿದನು. ಬಳಿಕ ಮನೆಯೊಳಗೆ ಹೋಗಿ ಖಾಕಿ ಅಂಗಿಯನ್ನು ಮಡಿಸಿಕೊಂಡು ಬಂದನು.

"ಗುಂಡಿ ಎಷ್ಟ್ ಚೆಂದ ಬೆಳಗಿದೀಯ ಬಾವಾ! ನಂದೂ ಒಂದ್ ಜೊತೆ ತಂದ್‌ಕೊಟ್ರೆ ಬೆಳಗಿಕೊಡ್ತೀಯಾ?"

"ತಗೊಂಡ್ ಬಾ," ಎಂದನು ಬೈರಯ್ಯ. ಲಾರಿಯ ನಾಳವನ್ನು ಕೈಗೆತ್ತಿಕೊಂಡು, ಬೆಂಕಿಯನ್ನು ಮುಟ್ಟುವ ಮುನ್ನ ನಟ್ಟನ್ನು ಪೋಣಿಸಿ, ಅದು ಇದೆಯೆಂದು ಇನ್ನೊಮ್ಮೆ ಮುಟ್ಟಿ ನೋಡಿ, ಗುರುವಿನ ಕೊಡತಿಯನ್ನು ಎತ್ತಿದನು.